ಬೀಟೆಯ ಮೇಜು, ದಂತದ ಹೂವು

ನಮ್ಮ ಹಳೆಯ ಮನೆಗಳಲ್ಲಿ, ನಡುಮನೆಯ ಮೂಲೆಯಲ್ಲೋ ಅಟ್ಟದ ಮೇಲೋ, ಕರಿಯ ಮರದ ಸಣ್ಣ ಮೇಜೊಂದು ಇರುವುದುಂಟು. ಅದರ ಹಲಗೆಯ ಅಂಚಿನುದ್ದಕ್ಕೂ ಒಂದು ಬಳ್ಳಿ ಹಬ್ಬಿರುತ್ತದೆ. ನಡುವೆ ಆನೆಯೊಂದು ಅಂಬಾರಿ ಹೊತ್ತು ನಿಂತಿರುತ್ತದೆ. ಬಳ್ಳಿಯ ಹೂವು ಬಿಳುಪು, ಎಲೆ ಹಳದಿ, ಆನೆಯ ಮೈ ಕಂದು. ಕೈಯಾಡಿಸಿ ನೋಡಿದರೆ ಎಲ್ಲಿಯೂ ತಗ್ಗಿಲ್ಲ, ಉಬ್ಬಿಲ್ಲ; ಇದು ಬಣ್ಣದಿಂದ ಬರೆದುದಲ್ಲ, ಉಳಿಯಿಂದ ಕೆತ್ತಿ ಬಿಟ್ಟುದೂ ಅಲ್ಲ. ಒಂದು ದಿನ ಧೂಳು ಒರಸುವಾಗ ಬಳ್ಳಿಯಿಂದ ಎಲೆಯೊಂದು ಕಳಚಿ ಬೀಳುತ್ತದೆ. ಕೂಡಲೇ ಮನೆಯಲ್ಲಿ ಎರಡು ಪಕ್ಷಗಳು ಏರ್ಪಡುತ್ತವೆ. ಅದಕ್ಕೊಂದು ಮೊಳೆ ಹೊಡೆದು, ಮೇಲೆ ವಾರ್ನಿಷ್ ಬಳಿದು ಹೊಸದರಂತೆ ಮಾಡಿಸೋಣವೆಂದು ಒಂದು ಪಕ್ಷ. ಹಳೆಯ ಸಾಮಾನಿಗೆ ಈಗ ಒಳ್ಳೆಯ ಬೆಲೆಯಿದೆಯಂತೆ, ಕೊಳ್ಳುವವರಿಗೆ ಕೊಟ್ಟುಬಿಡೋಣವೆಂದು ಇನ್ನೊಂದು ಪಕ್ಷ. ಬಿದ್ದ ಎಲೆ ಮಾತ್ರ ಈ ಚರ್ಚೆಯ ನಡುವೆ ಕಸದೊಂದಿಗೆ ಗುಡಿಸಿಹೋಗುತ್ತದೆ.

ಈ ಎರಡು ಪಕ್ಷಗಳಿಗೂ ಹೇಳಬೇಕಾದ ಮಾತು ಕೆಲವಿದೆ. ಮೇಜು ಯಾವ ಮರದ್ದು, ಎಲೆ ಹೇಗೆ ಅಲ್ಲಿ ಕೂತಿತ್ತು, ಏಕೆ ಬಿದ್ದಿತು, ಅದು ನಿಜವಾಗಿಯೂ ಹಳೆಯದೋ ಅಥವಾ ಹಳೆಯ ಮಾದರಿಯಲ್ಲಿ ಮಾಡಿದುದೋ, ಎಂಬ ಪ್ರಶ್ನೆಗಳಿಗೆ ಉತ್ತರ ತಿಳಿದ ಮೇಲೆ ಮೊಳೆ ಹೊಡೆಯುವ ಮನಸ್ಸೂ ಬರಲಾರದು, ಅವಸರದಲ್ಲಿ ಮಾರುವ ಮನಸ್ಸೂ ಬರಲಾರದು.

ಅಕ್ಕಸಾಲಿಗನು ಬಂಗಾರದಲ್ಲಿ ಸಣ್ಣದೊಂದು ಮನೆ ಮಾಡಿ ಅದರೊಳಗೆ ಕೆಂಪನ್ನೋ ಪಚ್ಚೆಯನ್ನೋ ಕೂರಿಸುವುದನ್ನು ನಾವು ಕುಂದಣವೆನ್ನುತ್ತೇವೆ. ಮರದ ಕೆಲಸದಲ್ಲಿಯೂ ಇಂಥದೊಂದು ಕುಂದಣವುಂಟು. ಗಟ್ಟಿಯಾದ ಹಲಗೆಯಲ್ಲಿ ಬೇಕಾದ ಆಕಾರಕ್ಕೆ ಆಳವಿಲ್ಲದ ಗುಳಿ ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಬೇರೆ ಬಣ್ಣದ ಮರ, ದಂತ, ಮೂಳೆ, ಚಿಪ್ಪು ಅಥವಾ ಲೋಹವನ್ನು ಅದರಲ್ಲಿ ಕೂರಿಸಿ, ಎರಡರ ಮೈಯೂ ಒಂದೇ ಸಮವಾಗುವಂತೆ ಉಜ್ಜುವುದು ಇದರ ಕ್ರಮ. ಇಂಗ್ಲಿಷಿನ ಇನ್‌ಲೇ ಎಂಬ ಹೆಸರೇ ಈಗ ನಮ್ಮ ಕುಶಲಕರ್ಮಿಗಳ ಬಾಯಲ್ಲಿಯೂ ಬಳಕೆಗೆ ಬಂದಿದೆ. ಇದಕ್ಕೆ ಹತ್ತಿರದ ನಂಟಿನ ಇನ್ನೊಂದು ವಿದ್ಯೆಯಿದೆ. ಅದರಲ್ಲಿ ಹಲಗೆಯನ್ನು ತೋಡುವುದಿಲ್ಲ. ಬೇರೆ ಬೇರೆ ಮರಗಳ ತೆಳ್ಳನೆಯ ಸಿಬಿರುಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ಇಡೀ ಚಿತ್ರವನ್ನೇ ಒಂದು ಹಾಳೆಯಂತೆ ಮಾಡಿ, ಆ ಹಾಳೆಯನ್ನು ಅಗ್ಗದ ಮರದ ಮೇಲೆ ಅಂಟಿಸುತ್ತಾರೆ. ಅದಕ್ಕೆ ಮಾರ್ಕೆಟ್ರಿಯೆಂದು ಹೆಸರು. ಮೊದಲನೆಯದು ಒಡಲಿನಲ್ಲಿ ಕೂತ ಚಿತ್ರ, ಎರಡನೆಯದು ಒಡಲಿಗೆ ತೊಡಿಸಿದ ಚಿತ್ರ. ಮೇಜಿನ ಹಲಗೆಯ ಅಂಚನ್ನು ಪಕ್ಕದಿಂದ ನೋಡಿದರೆ ಯಾವುದು ಯಾವುದೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಈ ಕಲೆ ಒಂದೇ ದೇಶದ ಸೊತ್ತಲ್ಲ. 1922ರಲ್ಲಿ ಈಜಿಪ್ಟಿನಲ್ಲಿ ಹೋವರ್ಡ್ ಕಾರ್ಟರ್ ತೆರೆದ ತೂತಂಖಾಮನ್ ದೊರೆಯ ಸಮಾಧಿಯಲ್ಲಿ ಕರಿಮರವನ್ನೂ ದಂತವನ್ನೂ ಕೂರಿಸಿದ ಪೆಟ್ಟಿಗೆಗಳೂ ಆಸನಗಳೂ ದೊರೆತವು. ಅವು 3,300 ವರ್ಷಗಳಷ್ಟು ಹಿಂದಿನವು. ಇಟಲಿಯಲ್ಲಿ 15ನೆಯ ಶತಮಾನದಲ್ಲಿ ಈ ವಿದ್ಯೆ ಚಿತ್ರಕಲೆಯೊಂದಿಗೆ ಸ್ಪರ್ಧೆಗೆ ನಿಂತಿತು. ಉರ್ಬಿನೋ ಸಂಸ್ಥಾನದ ಅಧಿಪತಿ ಫೆಡೆರಿಕೋ ದ ಮೊಂಟೆಫೆಲ್ತ್ರೋ ತನ್ನ ಗುಬ್ಬಿಯೋ ಅರಮನೆಯಲ್ಲಿ ಮಾಡಿಸಿದ ಓದುವ ಕೋಣೆ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಗೋಡೆಗಳಲ್ಲಿ ಅರೆ ತೆರೆದ ಜಾಲರಿಯ ಬಾಗಿಲುಗಳು, ಒಳಗೆ ಪುಸ್ತಕಗಳು, ವಾದ್ಯಗಳು ಇರುವಂತೆ ಕಾಣುತ್ತದೆ. ಕೈ ಚಾಚಿದರೆ ಸಿಕ್ಕುವುದು ಚಪ್ಪಟೆಯಾದ ಮರವೊಂದೇ. ಇಟಲಿಯ ಆ ಕೆಲಸಗಾರರು ಎಲೆಹಸಿರು ಬಣ್ಣಕ್ಕೆ ಅನುಸರಿಸಿದ ಉಪಾಯ ವಿಚಿತ್ರವಾದುದು: ಕಾಡಿನಲ್ಲಿ ಬಿದ್ದು ಒಂದು ಜಾತಿಯ ಬೂಷ್ಟು ತಗುಲಿ ಹಸಿರಾದ ಮರವನ್ನು ಹುಡುಕಿ ತಂದು ಬಳಸುತ್ತಿದ್ದರು. ಮುಂದೆ ಫ್ರಾನ್ಸಿನಲ್ಲಿ 14ನೆಯ ಲೂಯಿಯ ಕಾಲದಲ್ಲಿ ಆಂಡ್ರೆ ಶಾರ್ಲ್ ಬೂಲ್ ಎಂಬಾತನು ಹಿತ್ತಾಳೆಯನ್ನೂ ಆಮೆಯ ಚಿಪ್ಪನ್ನೂ ಕೂಡಿಸಿ ಮಾಡಿದ ಬೀರುಗಳು ಎಷ್ಟು ಹೆಸರಾದವೆಂದರೆ, ಆ ಬಗೆಯ ಕೆಲಸಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ.

ನಮ್ಮ ದೇಶದಲ್ಲಿಯೂ ಇದರ ನೆಲೆಗಳು ಹಲವು. 18ನೆಯ ಶತಮಾನದಲ್ಲಿ ವಿಶಾಖಪಟ್ಟಣದ ಕುಶಲಿಗಳು ದಂತದ ತಗಡುಗಳನ್ನು ಕೂರಿಸಿ, ಅವುಗಳ ಮೇಲೆ ಗೀರು ಹಾಕಿ, ಗೀರಿನೊಳಗೆ ಕರಿಯ ಅರಗು ತುಂಬಿ, ಕಂಪೆನಿಯ ಅಧಿಕಾರಿಗಳಿಗೆ ಕುರ್ಚಿ ಮೇಜುಗಳನ್ನು ಮಾಡಿಕೊಡುತ್ತಿದ್ದರು. ಪಂಜಾಬಿನ ಹೋಷಿಯಾರ್‌ಪುರದವರು ಶೀಶಮ್ ಮರದಲ್ಲಿ ದಂತದ ಬಳ್ಳಿಗಳನ್ನು ಹಬ್ಬಿಸಿದರು. ಶೀಶಮ್ ನಮ್ಮ ಬೀಟೆಯ ದಾಯಾದಿ. ಎರಡೂ ಒಂದೇ ಕುಲದ ಮರಗಳು.

ಇನ್ನು ಮೈಸೂರಿನ ಮಾತು. ಇಲ್ಲಿ ಮರದ ಕೆಲಸಕ್ಕೆ ಅರಮನೆಯ ಆಶ್ರಯವೂ ಇತ್ತು, ಅರಮನೆಗೆ ಮರದಿಂದ ಒದಗಿದ ವಿಪತ್ತೂ ಇತ್ತು. ಬಹುಮಟ್ಟಿಗೆ ಮರದಿಂದಲೇ ಕಟ್ಟಿದ್ದ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಕಲ್ಲು, ಕಬ್ಬಿಣಗಳಿಂದ ಕಟ್ಟಿದ ಆ ಹೊಸ ಅರಮನೆಯಲ್ಲಿಯೂ ಮರಕ್ಕೆ ಮರ್ಯಾದೆ ತಪ್ಪಲಿಲ್ಲ. ಅಂಬಾವಿಲಾಸದಲ್ಲಿ ಗಣಪತಿಯ ಗುಡಿಗೆ ತೆರೆಯುವ, ದಂತ ಕೂರಿಸಿದ ಬೀಟೆಯ ಬಾಗಿಲನ್ನು ನೋಡಿದವರಿಗೆ ನಾನು ಹೇಳುವ ಕೆಲಸದ ಎತ್ತರ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ದಂತ ಕೂರಿಸಿದ ಬಾಗಿಲುಗಳಿವೆ. ಅವು ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಪ್ರಭುವಿನ ಕೊಡುಗೆ.

ಆಶ್ರಯವೊಂದಿದ್ದರೆ ಸಾಲದು, ವಿದ್ಯೆ ಮುಂದಿನ ತಲೆಗೆ ದಾಟಬೇಕು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಎಂದು ಪಟ್ಟವೇರಿದ ವೇಲ್ಸ್ ರಾಜಕುಮಾರರು ಮೈಸೂರಿಗೆ ಬಂದಾಗ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಅಸ್ತಿಭಾರವನ್ನು ಹಾಕಿದರು. ತಂದೆಯಿಂದ ಮಗನಿಗೆ ಮಾತ್ರ ಬರುತ್ತಿದ್ದ ಬಡಗಿಯ ಕೆಲಸ, ಗಂಧದ ಕೆತ್ತನೆ, ದಂತದ ಕೆಲಸ, ಇನ್‌ಲೇ ಮುಂತಾದುವು ಅಲ್ಲಿ ತರಗತಿಯ ಪಾಠಗಳಾದುವು. ಊರಿನ ಮಂಡಿ ಮೊಹಲ್ಲಾದ ಓಣಿಗಳಲ್ಲಿಯಾದರೋ ಮನೆಯೇ ಪಾಠಶಾಲೆ. ಅಲ್ಲಿನ ಮುಸಲ್ಮಾನ ಕುಶಲಿಗಳ ಕೈಯಲ್ಲಿ ರಾಧಾಕೃಷ್ಣರ ಚಿತ್ರ, ಗೀತೋಪದೇಶ, ದಸರೆಯ ಜಂಬೂಸವಾರಿ ಇವೆಲ್ಲವೂ ಮರದಲ್ಲಿ ಮೂಡಿ, ದೇಶದ ನಾನಾ ಕಡೆಯ ದೇವರ ಮನೆಗಳ ಗೋಡೆಯನ್ನು ಸೇರಿವೆ. ಧರ್ಮಗಳ ಸ್ನೇಹವನ್ನು ಕುರಿತು ಉಪನ್ಯಾಸ ಮಾಡುವವರು ಈ ಓಣಿಗಳನ್ನು ಒಮ್ಮೆ ನೋಡಿ ಬಂದರೆ ಅವರ ಉಪನ್ಯಾಸ ಸ್ವಲ್ಪ ಚಿಕ್ಕದಾದೀತು, ಆದರೆ ಗಟ್ಟಿಯಾದೀತು.

ಈ ಕೆಲಸಕ್ಕೆ ಒಡಲಾಗುವ ಮರ ಬೀಟೆ. ಪಶ್ಚಿಮಘಟ್ಟದ ಎಲೆಯುದುರುವ ಕಾಡುಗಳಲ್ಲಿ ತೇಗದ ನೆರೆಯಲ್ಲಿ ಬೆಳೆಯುವ ಈ ಮರ ತೇಗಕ್ಕಿಂತ ಭಾರ, ತೇಗಕ್ಕಿಂತ ಗಡಸು. ಕಡಿದ ದಿಮ್ಮಿಯ ಹೊರಸುತ್ತು ಬೆಳ್ಳಗೆ, ತುಸು ಹಳದಿ ಛಾಯೆಯಲ್ಲಿರುತ್ತದೆ. ಅದು ಎಳೆಯ ಮರ, ಹುಳುವಿಗೆ ಸುಲಭವಾದ ತುತ್ತು. ಒಳಗಿನ ಚೇಗು ಮಾತ್ರ ಹೊಂಗಂದಿನಿಂದ ಹಿಡಿದು ನೇರಳೆಗಪ್ಪಿನವರೆಗೆ ನಾನಾ ಬಣ್ಣಗಳನ್ನು ತಾಳಿ, ನಡುನಡುವೆ ಕರಿಯ ಗೆರೆಗಳನ್ನು ಎಳೆದುಕೊಂಡಿರುತ್ತದೆ. ಹೊಸದಾಗಿ ಕೊಯ್ದಾಗ ನವುರಾದ ಸುವಾಸನೆ ಬರುವುದರಿಂದ ಇಂಗ್ಲಿಷರು ಇದನ್ನು ಗುಲಾಬಿಯ ಮರವೆಂದರು. ಗುಲಾಬಿಯ ಗಿಡಕ್ಕೂ ಇದಕ್ಕೂ ಬೇರಾವ ನಂಟೂ ಇಲ್ಲ. ಬೀಟೆ ಅವರೆ, ತೊಗರಿಗಳ ವಂಶಕ್ಕೆ ಸೇರಿದುದು. ಈ ಮರದ ರಂಧ್ರಗಳಲ್ಲಿ ಸುಣ್ಣದಂಥ ಪದಾರ್ಥವೊಂದು ಗಟ್ಟಿಗೊಂಡಿರುವುದುಂಟು. ಅದಕ್ಕೆ ತಾಗಿದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಆದುದರಿಂದ ಬೀಟೆಯ ಕೆಲಸದವನ ದಿನದ ಒಂದು ಪಾಲು ಸಾಣೆಯ ಕಲ್ಲಿನ ಮೇಲೆಯೇ ಕಳೆಯುತ್ತದೆ.

ಹಾಗಿದ್ದರೂ ಬೀಟೆಯನ್ನೇ ಆರಿಸಲು ಕಾರಣಗಳುಂಟು. ಮೊದಲನೆಯದು, ಬಣ್ಣ. ಕಪ್ಪು ನೆಲದ ಮೇಲೆ ಬೇರೆ ಯಾವ ಬಣ್ಣವಾದರೂ ಎದ್ದು ಕಾಣುತ್ತದೆ. ಎರಡನೆಯದು, ಗಡಸುತನ. ತೋಡಿದ ಗುಳಿಯ ಅಂಚು ಉದುರದೆ ಚೂಪಾಗಿ ನಿಲ್ಲಬೇಕು. ಮೆದುವಾದ ಮರದಲ್ಲಿ ಅಂಚು ಕುಸಿದು, ತುಂಡಿಗೂ ನೆಲಕ್ಕೂ ನಡುವೆ ಸಂದು ಬೀಳುತ್ತದೆ. ಮೂರನೆಯದು, ಹೊಳಪು. ಇದರ ಮೈ ಉಜ್ಜಿದಷ್ಟೂ ಕನ್ನಡಿಗೆ ಹತ್ತಿರವಾಗುತ್ತದೆ.

ಚಿತ್ರದ ಬಣ್ಣಗಳಿಗೆ ಬೇರೆ ಮರಗಳು ಬೇಕು. ಹಳದಿಗೆ ಹಲಸು; ಹೊಸದರಲ್ಲಿ ಅರಿಶಿನದಂತಿದ್ದು, ವರ್ಷಗಳು ಕಳೆದಂತೆ ಬೆಳಕಿಗೆ ಕಂದುತ್ತ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಬಗೆಯ ಹಳದಿಗೆ ಅರಿಶಿನತೇಗವಿದೆ. ಹೆಸರೇ ಅದರ ಬಣ್ಣವನ್ನು ಹೇಳುತ್ತದೆ. ಕಂದುಮಿಶ್ರಿತ ಹೊನ್ನಿನ ಬಣ್ಣಕ್ಕೆ ಹೊನ್ನೆ. ಈ ಹೊನ್ನೆಯ ತುಂಡನ್ನು ನೀರಿನಲ್ಲಿ ನೆನೆಹಾಕಿ ಬೆಳಕಿಗೆ ಹಿಡಿದರೆ ನೀರಿನಲ್ಲಿ ನೀಲಿಯ ಮಿನುಗು ಕಾಣುತ್ತದೆ. ಅದರ ಬಣ್ಣ ನೀರಿಗೆ ಬಿಡುವಂಥದಾದ ಕಾರಣ ಒದ್ದೆ ತಾಗದಂತೆ ನೋಡಿಕೊಳ್ಳಬೇಕು. ಕೆಂಪಿಗೆ ಅಂಡಮಾನಿನ ಪಡೌಕ್ ಇದೆ. ಅದರ ಕೆಂಪು ಬಿಸಿಲಿನಲ್ಲಿ ಕಂದಿಗೆ ಇಳಿಯುತ್ತದೆ. ಬಿಳುಪಿಗೆ ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಹಾಲೆಮರದಂಥ ನಯವಾದ, ಗೆರೆ ಕಾಣದ ಮರಗಳು ತಕ್ಕವು. ಅಚ್ಚಗಪ್ಪಿಗೆ ಕರಿಮರ, ಅದು ನೀರಿನಲ್ಲಿ ಮುಳುಗುವಷ್ಟು ಭಾರವಾದುದು. ಹೀಗೆ ಕುಶಲಿಯ ಬಣ್ಣದ ಪೆಟ್ಟಿಗೆಯೆಂದರೆ ಕಾಡೇ. ಕಾಡಿನಲ್ಲಿ ನೀಲಿಯ ಮರ ಇಲ್ಲವಾದ ಕಾರಣ, ಹಳೆಯ ಮಾದರಿಯ ಒಳ್ಳೆಯ ಚಿತ್ರಗಳಲ್ಲಿ ಆಕಾಶವನ್ನು ನೀಲಿಯಾಗಿ ತೋರಿಸುವ ಹಟವಿಲ್ಲ. ಬೀಟೆಯ ಗೆರೆಗಳನ್ನೇ ಸಂಜೆಯ ಮೋಡಗಳಾಗಿ ಬಿಟ್ಟಿರುತ್ತಾರೆ. ಗಾಢವಾದ ನೀಲಿ, ಹಸಿರುಗಳು ಕಂಡಲ್ಲಿ ಅವು ಬಣ್ಣದಲ್ಲಿ ಅದ್ದಿದ ತುಂಡುಗಳೆಂದು ಊಹಿಸಬಹುದು. ಮಾಸುವುದರಲ್ಲಿಯೂ ಅವೇ ಮುಂದು.

ಕೆಲಸದ ಕ್ರಮ ಹೀಗೆ. ಮೊದಲು ಒಣಗಿದ ಬೀಟೆಯ ಹಲಗೆಯನ್ನು ತೋಪಡದಿಂದ ಹೆರೆದು ಸಮಮಾಡುತ್ತಾರೆ. ಕಾಗದದ ಮೇಲೆ ಬರೆದ ಚಿತ್ರದ ಒಂದೊಂದು ಭಾಗವನ್ನೂ ಬೇರೆ ಬೇರೆ ಮರದ ತೆಳ್ಳನೆಯ ಬಿಲ್ಲೆಗಳಿಗೆ ಇಳಿಸಿ, ಕೂದಲಿನಂಥ ಅಲಗಿನ ಸಣ್ಣ ಗರಗಸದಿಂದ ಕತ್ತರಿಸುತ್ತಾರೆ. ಆನೆಯ ಸೊಂಡಿಲು ಒಂದು ತುಂಡು, ಕಿವಿ ಇನ್ನೊಂದು, ಜೂಲು ಮತ್ತೊಂದು. ಇಲ್ಲಿಯೇ ಕೆಲಸಗಾರನ ಕಣ್ಣಿಗೆ ಪರೀಕ್ಷೆ: ಮರದ ಗೆರೆ ಸೊಂಡಿಲಿನ ಬಾಗನ್ನು ಅನುಸರಿಸಿ ಹೋಗುವಂತೆ ತುಂಡನ್ನು ಆರಿಸಿದರೆ, ಬಣ್ಣವಿಲ್ಲದೆಯೇ ಸೊಂಡಿಲಿಗೆ ಉಬ್ಬು ಬರುತ್ತದೆ. ಕತ್ತರಿಸಿದ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿ, ಮೊನಚಾದ ಮುಳ್ಳಿನಿಂದ ಅವುಗಳ ಸುತ್ತ ಗೀರು ಹಾಕಿ, ಆ ಗೀರಿನ ಒಳಗನ್ನು ಸಣ್ಣ ಉಳಿಗಳಿಂದ ತೋಡುತ್ತಾರೆ. ಗುಳಿ ತುಂಡಿಗಿಂತ ಕೂದಲೆಳೆಯಷ್ಟು ಕಡಿಮೆ ಆಳವಿರಬೇಕು. ತುಂಡು ಮೇಲಕ್ಕೆ ಸ್ವಲ್ಪ ನಿಂತಿದ್ದರೆ ತಾನೆ ಕೊನೆಗೆ ಎರಡನ್ನೂ ಸಮವಾಗಿ ಉಜ್ಜಲಾಗುವುದು? ಗುಳಿಗೆ ಸರೇಸು ಹಚ್ಚಿ, ತುಂಡನ್ನು ಕೂರಿಸಿ, ಮೇಲೆ ಭಾರವಿಟ್ಟು ಆರಬಿಡುತ್ತಾರೆ. ಬಳಿಕ ಹೆರೆದು, ಉಜ್ಜುಕಾಗದದಿಂದ ನಯಮಾಡಿ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಪದರಪದರವಾಗಿ ಸವರುತ್ತಾರೆ. ಮೈಸೂರಿನ ಉತ್ತಮ ಕೆಲಸದಲ್ಲಿ ಕಣ್ಣು, ರೆಪ್ಪೆ, ಬಟ್ಟೆಯ ಮಡಿಕೆ ಮುಂತಾದ ಸೂಕ್ಷ್ಮಗಳನ್ನು ಕೂರಿಸಿದ ತುಂಡಿನ ಮೇಲೆ ಗೀರಿ ಕಪ್ಪು ತುಂಬುವುದೂ ಉಂಟು.

ಇಷ್ಟು ಜಾಗರೂಕತೆಯಿಂದ ಕೂರಿಸಿದ ಎಲೆ ಐವತ್ತು ವರ್ಷಗಳ ಮೇಲೆ ಏಕೆ ಬೀಳುತ್ತದೆ? ಮರ ಸತ್ತ ಮೇಲೆಯೂ ಉಸಿರಾಡುತ್ತದೆಯೆಂದು ನಮ್ಮ ಬಡಗಿಗಳು ಹೇಳುವ ಮಾತಿನಲ್ಲಿ ಇದಕ್ಕೆ ಉತ್ತರವಿದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಅದನ್ನು ಹೀರಿ ಉಬ್ಬುತ್ತದೆ; ಒಣಹವೆಯಲ್ಲಿ ಬಿಟ್ಟು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ಎಲ್ಲ ದಿಕ್ಕಿಗೂ ಸಮನಲ್ಲ. ಹಸಿಯ ಬೀಟೆ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ಸುಮಾರು 5.8 ಭಾಗದಷ್ಟು ಕುಗ್ಗುತ್ತದೆ; ಉಂಗುರಗಳಿಗೆ ಅಡ್ಡಲಾಗಿ ಅದರ ಅರ್ಧಕ್ಕಿಂತ ಕಡಿಮೆ, 2.7 ಭಾಗದಷ್ಟು, ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಒಣಗಿಸಿದ ಮರದಲ್ಲಿಯೂ ಋತುವಿಗೆ ತಕ್ಕಂತೆ ಇದರ ಸಣ್ಣದೊಂದು ಅಂಶ ನಡೆಯುತ್ತಲೇ ಇರುತ್ತದೆ. ಮರದ ತೇವ ನೂರಕ್ಕೆ 5ರಷ್ಟು ಏರಿಳಿದರೆ, 20 ಅಂಗುಲ ಅಗಲದ ಹಲಗೆ ಒಂದು ಅಂಗುಲದ ಐದನೆಯ ಒಂದು ಪಾಲಿನಷ್ಟು ಅಗಲವಾಗಿ ಮತ್ತೆ ಕಿರಿದಾಗಬಹುದು.

ಈಗ ಬಳ್ಳಿಯ ಎಲೆಯನ್ನು ನೆನೆಯಿರಿ. ಅದರ ಎಳೆ ಒಂದು ದಿಕ್ಕಿಗೆ, ಅದು ಕೂತಿರುವ ಹಲಗೆಯ ಎಳೆ ಇನ್ನೊಂದು ದಿಕ್ಕಿಗೆ. ಮಳೆಗಾಲದಲ್ಲಿ ಹಲಗೆ ಅಗಲವಾಗಬೇಕೆನ್ನುತ್ತದೆ, ಎಲೆ ಬೇಡವೆನ್ನುತ್ತದೆ. ಬೇಸಗೆಯಲ್ಲಿ ಇದೇ ಜಗಳ ತಿರುಗಿ ನಡೆಯುತ್ತದೆ. ಇಬ್ಬರ ನಡುವೆ ಸಿಕ್ಕಿದ ಸರೇಸು ವರ್ಷವರ್ಷವೂ ಈ ಎಳೆದಾಟವನ್ನು ತಾಳಿ ಕೊನೆಗೆ ಕೈಬಿಡುತ್ತದೆ. ಚಿತ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದರಲ್ಲಿ ಬಣ್ಣದ ಉಪಾಯದೊಂದಿಗೆ ಈ ಜಗಳವನ್ನು ಹಂಚಿ ಹಗುರ ಮಾಡುವ ಉಪಾಯವೂ ಸೇರಿದೆ. ಉದ್ದನೆಯ ಒಂದೇ ಪಟ್ಟಿಯನ್ನು ಎಳೆಗೆ ಅಡ್ಡಲಾಗಿ ಕೂರಿಸಿದಲ್ಲಿ ಅದು ಬಿರಿಯುವುದು ಬಹುಮಟ್ಟಿಗೆ ಖಂಡಿತ. ಬಿದ್ದ ಎಲೆಗೆ ಮೊಳೆ ಹೊಡೆಯಬಾರದೆಂಬುದಕ್ಕೂ ಇದೇ ಕಾರಣ: ಮೊಳೆ ಜಗಳವನ್ನು ನಿಲ್ಲಿಸದು, ತುಂಡನ್ನು ಸೀಳುವುದು.

ಇನ್ನು ಬಿಳಿಯ ಹೂವಿನ ಕಥೆ. ಹಳೆಯ ಮೇಜುಗಳಲ್ಲಿ ಅದು ದಂತವಾಗಿರಬಹುದು. ಆನೆಗಳ ಸಂಹಾರವನ್ನು ತಡೆಯಲು ನಮ್ಮ ದೇಶದಲ್ಲಿ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1986ರ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕದಿಂದ ತರಿಸಿದ ದಂತದ ವ್ಯಾಪಾರವೂ ನಿಂತುವು. ದಂತವನ್ನೇ ನಂಬಿದ್ದ ಕುಟುಂಬಗಳಿಗೆ ಇದು ಕಠಿಣವಾದ ಪೆಟ್ಟಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆನೆಯ ಚಿತ್ರಕ್ಕಾಗಿ ಆನೆಯನ್ನು ಕೊಲ್ಲಬೇಕಾದ ಕಲೆ ತನ್ನ ಬೇರನ್ನೇ ತಾನು ಕಡಿದಂತೆ. ಕುಶಲಿಗಳು ಬಿಳಿಯ ಮರಕ್ಕೂ, ಮೂಳೆಗೂ, ಪ್ಲಾಸ್ಟಿಕ್ಕಿಗೂ ತಿರುಗಿದರು. ಈ ಮೂರನ್ನು ದಂತದಿಂದ ಬೇರ್ಪಡಿಸುವುದು ಕಷ್ಟವಲ್ಲ. ಅಡ್ಡಕೊಯ್ತದ ದಂತದಲ್ಲಿ ಒಂದನ್ನೊಂದು ಹಾಯ್ದು ಬಲೆಯಂತೆ ಕಾಣುವ ನವುರಾದ ಗೆರೆಗಳಿರುತ್ತವೆ. ಮೂಳೆಯಲ್ಲಿ ಸೂಜಿಮೊನೆಯಂಥ ಕರಿಯ ಚುಕ್ಕೆಗಳೂ ಸಣ್ಣ ಗೀಟುಗಳೂ ಕಾಣುತ್ತವೆ. ಪ್ಲಾಸ್ಟಿಕ್ಕಿನ ಮೈ ಎಲ್ಲಕಡೆಯೂ ಒಂದೇ ತೆರ. ಮೇಜು ಹಳೆಯದೆಂಬ ಕಾರಣಕ್ಕೆ ಅದರ ದಂತವನ್ನು ಮಾರುವುದು ನ್ಯಾಯಸಮ್ಮತವಾಗುವುದಿಲ್ಲ. ಆದುದರಿಂದ ಮಾರುವ ಪಕ್ಷದವರು ಮೊದಲು ಬಿಳಿಯ ಹೂವನ್ನು ಭೂತಗನ್ನಡಿಯಲ್ಲಿ ನೋಡಲಿ. ದಂತವೆಂದು ತೋರಿದರೆ ಅರಣ್ಯ ಇಲಾಖೆಯನ್ನು ವಿಚಾರಿಸದೆ ಹೆಜ್ಜೆಯಿಡದಿರಲಿ.

ದಂತಕ್ಕೆ ಒದಗಿದ ಕಾಲವೇ ಈಗ ಬೀಟೆಗೂ ಒದಗಿದೆ. ಬೀಟೆ ನಿಧಾನವಾಗಿ ಬೆಳೆಯುವ ಮರ. ಒಳಗೆ ಕರಿಯ ಚೇಗು ಕೂಡಲು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಬೇಕು. ಕಡಿಯುವ ವೇಗಕ್ಕೂ ಬೆಳೆಯುವ ವೇಗಕ್ಕೂ ಹೊಂದಿಕೆಯಿಲ್ಲದೆ ಅದು ಅಳಿವಿನ ಭಯವಿರುವ ಮರಗಳ ಪಟ್ಟಿಗೆ ಸೇರಿದೆ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಡಂಬಡಿಕೆಯೊಂದರ ಹತೋಟಿಗೆ ಒಳಪಟ್ಟುವು. ಹೊರದೇಶಕ್ಕೆ ಕಳುಹಿಸಲು ಅನುಮತಿಪತ್ರ ಬೇಕಾಯಿತು. 2019ರಲ್ಲಿ ಸಣ್ಣ ಪ್ರಮಾಣದ ಸಿದ್ಧವಸ್ತುಗಳಿಗೆ ಸ್ವಲ್ಪ ಸಡಿಲಿಕೆ ದೊರೆಯಿತು. ಇತ್ತ ಮೈಸೂರಿನ ಬೀಟೆಯ ಇನ್‌ಲೇ ಕೆಲಸಕ್ಕೆ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಬೇರೆಲ್ಲಿಯೋ ಮಾಡಿದುದನ್ನು ಮೈಸೂರಿನದೆಂದು ಮಾರುವಂತಿಲ್ಲ. ಹೆಸರಿಗೆ ರಕ್ಷಣೆ ಬಂದ ಕಾಲದಲ್ಲಿಯೇ ಮರಕ್ಕೆ ಕೊರತೆ ಬಂದುದು ನಮ್ಮ ಪಾಲಿನ ವಿಪರ್ಯಾಸ.

ಹೀಗಿರಲು, ಪೇಟೆಯಲ್ಲಿ ಹಳೆಯದೆಂದು ಮಾರಾಟವಾಗುವ ವಸ್ತುಗಳು ಹೆಚ್ಚುತ್ತಿರುವುದು ಆಶ್ಚರ್ಯವಲ್ಲ. ಹಳೆಯ ಮಾದರಿಯಲ್ಲಿ ಹೊಸ ವಸ್ತುವನ್ನು ಮಾಡುವುದು ತಪ್ಪಲ್ಲ; ಪ್ರತಿಯೊಂದು ಕಲೆಯೂ ಹಳೆಯದನ್ನು ನೋಡಿಯೇ ಕಲಿಯುತ್ತದೆ. ಹೊಸದನ್ನು ಹಳೆಯದೆಂದು ಹೇಳಿ ಮಾರುವುದು ತಪ್ಪು. ಇವೆರಡನ್ನು ಬೇರ್ಪಡಿಸಲು ಕೆಲವು ಗುರುತುಗಳುಂಟು. ಕಣ್ಣಿಗೆ ಬೀಳುವ ಮುಖವನ್ನು ಬಿಟ್ಟು ಬೆನ್ನನ್ನೂ ಅಡಿಯನ್ನೂ ಸೆಳೆಖಾನೆಯ ಒಳಗನ್ನೂ ನೋಡಬೇಕು. ಮೋಸಗಾರನಿಗೆ ಅಲ್ಲಿ ಶ್ರಮಪಡುವ ತಾಳ್ಮೆಯಿರುವುದಿಲ್ಲ. ಕೈಗರಗಸದ ಗುರುತು ಸಮನಿಲ್ಲದ ನೇರ ಗೀಟುಗಳಾಗಿರುತ್ತದೆ. ಯಂತ್ರದ ಚಕ್ರಗರಗಸದ ಗುರುತು ಬಾಗಿದ ಗೀಟುಗಳಾಗಿರುತ್ತದೆ. ಸೆಳೆಖಾನೆಯ ಮೂಲೆಯ ಜೋಡಣೆಯ ಹಲ್ಲುಗಳು ಕೈಯಿಂದ ಮಾಡಿದವಾದರೆ ಒಂದರಂತೆ ಒಂದಿರುವುದಿಲ್ಲ. ಮರ ಅಡ್ಡಲಾಗಿ ಕುಗ್ಗುವುದರಿಂದ ಬಹಳ ಹಳೆಯ ದುಂಡುಮೇಜನ್ನು ಎರಡು ದಿಕ್ಕಿಗೂ ಅಳೆದರೆ ಅಳತೆ ಒಂದೇ ಬರುವುದಿಲ್ಲ. ಸವಕಳಿಯೂ ಸಾಕ್ಷಿ ಹೇಳುತ್ತದೆ: ಕೈಯಿಟ್ಟ ಕಡೆ, ಕಾಲು ತಾಗಿದ ಕಡೆ, ಸೆಳೆಖಾನೆ ಜಾರಿದ ಕಡೆ ಮರ ಸವೆದಿರಬೇಕು, ಯಾರ ಕೈಯೂ ತಲುಪದ ಎಡೆಯಲ್ಲಿ ಸವೆದಿದ್ದರೆ ಅದು ಉಜ್ಜುಕಾಗದದ ಮುಪ್ಪು. ಒಳಗೂ ಹೊರಗೂ ಒಂದೇ ಗಾಢತೆಯ ಕಪ್ಪಿದ್ದರೆ ಬಣ್ಣ ಹಾಕಿದುದೆಂದು ಶಂಕಿಸಬಹುದು. ಯಾವುದೊಂದು ಗುರುತೂ ತಾನೇ ಪ್ರಮಾಣವಲ್ಲ. ಹಲವು ಕೂಡಿ ಒಂದೇ ಮಾತನ್ನು ಹೇಳಿದರೆ ನಂಬಬಹುದು. ಒಂದು ವಿಷಯವನ್ನು ಮರೆಯಬಾರದು: 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಕೊನೆಗೆ, ಬಿದ್ದ ಎಲೆಯ ವಿಚಾರ. ಮೊದಲು ಅದನ್ನು ಹುಡುಕಿ ಒಂದು ಲಕೋಟೆಯಲ್ಲಿಟ್ಟು ಮೇಲೆ ಎಲ್ಲಿಯದೆಂದು ಬರೆದಿಡಬೇಕು. ಈಗ ಪೇಟೆಯಲ್ಲಿ ಸಿಕ್ಕುವ, ಕ್ಷಣದಲ್ಲಿ ಹಿಡಿಯುವ ಅಂಟುಗಳನ್ನು ಮುಟ್ಟಬಾರದು. ಹಳೆಯ ಚರ್ಮದ ಸರೇಸಿನ ದೊಡ್ಡ ಗುಣವೆಂದರೆ, ತೇವವನ್ನೂ ಕಾವನ್ನೂ ಕೊಟ್ಟರೆ ಅದು ಬಿಡುತ್ತದೆ. ಇಂದು ರಿಪೇರಿ ಮಾಡಿದವನ ತಪ್ಪನ್ನು ನಾಳೆಯವನು ತಿದ್ದಬಹುದು. ಬಿಡದ ಅಂಟು ತಪ್ಪನ್ನೂ ಶಾಶ್ವತ ಮಾಡುತ್ತದೆ. ಮೇಜನ್ನು ಬಿಸಿಲು ನೇರವಾಗಿ ಬೀಳುವ ಕಿಟಕಿಯಿಂದಲೂ, ಒಲೆಯ ಮಗ್ಗುಲಿನಿಂದಲೂ, ತೇವದ ಗೋಡೆಯಿಂದಲೂ ದೂರವಿಡಬೇಕು. ಒದ್ದೆಬಟ್ಟೆಯಿಂದಾಗಲಿ ಸೀಮೆಎಣ್ಣೆಯಿಂದಾಗಲಿ ಒರಸಬಾರದು. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಒರಸುವಾಗ ಸಡಿಲವಾದ ತುಂಡುಗಳ ಮೇಲೆ ಕೈ ಹಗುರವಾಗಿರಲಿ. ವರ್ಷಕ್ಕೊಮ್ಮೆ ಜೇನುಮೇಣವನ್ನು ಬಹಳ ತೆಳ್ಳಗೆ ಸವರಿ ಉಜ್ಜಿದರೆ ಹೊಳಪು ನಿಲ್ಲುತ್ತದೆ. ಹಳೆಯ ಅರಗಿನ ಮೆರುಗನ್ನು ಹೆರೆದು ಹೊಸ ವಾರ್ನಿಷ್ ಬಳಿಯುವುದೆಂದರೆ, ಮೇಜಿನ ವಯಸ್ಸನ್ನೇ ಹೆರೆದು ಹಾಕಿದಂತೆ.

ಹೊಸದನ್ನು ಕೊಳ್ಳುವವರಿಗೂ ಒಂದು ಮಾತು. ಅಂಗಡಿಯಲ್ಲಿ ಬೆಲೆಯನ್ನು ಕೇಳುವ ಮೊದಲು ಮರ ಯಾವುದು, ನೆಲ ಗಟ್ಟಿ ಬೀಟೆಯೋ ಮೇಲೆ ಅಂಟಿಸಿದ ಸಿಬಿರೋ, ಬಣ್ಣಗಳು ಮರದವೋ ಅದ್ದಿದವೋ, ಎಂದು ಕೇಳೋಣ. ಹೀಗೆ ಕೇಳುವ ಗಿರಾಕಿಗಳಿದ್ದರೆ ಒಳ್ಳೆಯ ಕೆಲಸಗಾರನಿಗೆ ತನ್ನ ಕೆಲಸವನ್ನು ಒಳ್ಳೆಯದಾಗಿಯೇ ಮಾಡಲು ಧೈರ್ಯ ಬರುತ್ತದೆ. ದೊಡ್ಡ ದಿವಾನಖಾನೆಯ ಸಾಮಾನಿಗಿಂತ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಕೊಂಡರೂ ಸಾಕು. ಬೀಟೆ ಕಡಿಮೆ ಹಿಡಿಯುತ್ತದೆ, ಕೈಗೆ ಕೂಲಿ ಹೆಚ್ಚು ಸಲ್ಲುತ್ತದೆ. ಮರ ವಿರಳವಾಗುವ ಕಾಲದಲ್ಲಿ ಈ ಕಲೆಗೆ ಉಳಿದಿರುವ ದಾರಿಯೂ ಬಹುಶಃ ಇದೇ.

ಅಜ್ಜನೋ ಮುತ್ತಜ್ಜನೋ ಕೊಂಡು ತಂದ ಮೇಜಿನ ಹಿಂದೆ ನಾಲ್ಕು ಪೀಳಿಗೆಗಳ ಹಿಂದೆ ಮೊಳೆತ ಮರವೊಂದಿದೆ. ಹೆಸರು ಬರೆಯದೆ ಹೋದ ಕುಶಲಿಯ ಕಣ್ಣಿದೆ. ಇವೆರಡೂ ಮತ್ತೆ ಸುಲಭವಾಗಿ ಸಿಕ್ಕುವಂಥವಲ್ಲ. ಇದನ್ನು ತಿಳಿದ ಮನೆಯಲ್ಲಿ ಮುಂದಿನ ಸಲ ಎಲೆಯೊಂದು ಬಿದ್ದರೆ, ಪಕ್ಷಗಳು ಏರ್ಪಡುವ ಮೊದಲು ಯಾರಾದರೊಬ್ಬರು ಬಗ್ಗಿ ಅದನ್ನು ಹುಡುಕಿ ಎತ್ತಿಡುವರೆಂದು ನಂಬುತ್ತೇನೆ.